ಅರವತ್ತರ ಬಳಿಕ ನೆಪಗಳಿಲ್ಲ

ಕರ್ನಾಟಕ ಸರಕಾರದ ನೌಕರನು ಅರವತ್ತನೇ ವಯಸ್ಸಿಗೆ ನಿವೃತ್ತನಾಗುತ್ತಾನೆ. ರೈಲ್ವೆ ನೌಕರನಿಗೂ ಅದೇ ಮಿತಿ. ಒಂದು ಹಾರ, ಒಂದು ಶಾಲು, ಸಹೋದ್ಯೋಗಿಗಳ ನಾಲ್ಕು ಒಳ್ಳೆಯ ಮಾತು. ಮರುದಿನದಿಂದ ಕಚೇರಿಯ ದಾರಿ ಮುಗಿಯಿತು. 'ಇನ್ನೇನಿದೆ, ಆರಾಮವಾಗಿರಿ' ಎಂದು ಮನೆಯವರೂ ನೆರೆಯವರೂ ಹರಸುತ್ತಾರೆ.

ಅದೇ ಅರವತ್ತರ ಕುರಿತು ಪ್ರವಾದಿ ಮುಹಮ್ಮದ್(ಸ)ರ ಒಂದು ವಚನ ಸಹೀಹ್ ಬುಖಾರಿಯಲ್ಲಿದೆ. ಯಾರ ಆಯುಷ್ಯವನ್ನು ಅಲ್ಲಾಹನು ಅರವತ್ತು ವರ್ಷಗಳವರೆಗೆ ವಿಸ್ತರಿಸಿದನೋ, ಅವನ ಪಾಲಿಗೆ ನೆಪ ಹೇಳುವ ಅವಕಾಶವನ್ನು ಉಳಿಸಲಿಲ್ಲ ಎಂಬುದು ಅದರ ತಾತ್ಪರ್ಯ. ಸರಕಾರವು ನಮ್ಮನ್ನು ಹೊಣೆಯಿಂದ ಬಿಡುಗಡೆ ಮಾಡುವ ವಯಸ್ಸಿಗೇ ಅಲ್ಲಾಹನ ಬಳಿಯ ನಮ್ಮ ಲೆಕ್ಕ ಬಿಗಿಯಾಗುತ್ತದೆ. ಉದ್ಯೋಗದ ದಿನಗಳಲ್ಲಿ ನಮಗೆ ನೆಪಗಳ ಕೊರತೆಯಿರಲಿಲ್ಲ. ಪಾಳಿ ಕೆಲಸ, ವರ್ಗಾವಣೆ, ಮೇಲಧಿಕಾರಿಯ ಒತ್ತಡ, ಮಕ್ಕಳ ಶುಲ್ಕ, ಮನೆ ಕಟ್ಟಿದ ಸಾಲ. ಕುರ್‌ಆನ್ ಕಲಿಯಲು ಸಮಯವಿಲ್ಲ, ನೆರೆಯವರ ಕಷ್ಟ ವಿಚಾರಿಸಲು ಸಮಯವಿಲ್ಲ, ಜಮಾಅತ್‌ನ ಕೆಲಸಕ್ಕೆ ಸಮಯವಿಲ್ಲ. ನಿವೃತ್ತಿ ಎಂದರೆ ಈ ನೆಪಗಳೆಲ್ಲ ಒಂದೇ ದಿನ ಕೈಬಿಟ್ಟು ಹೋಗುವುದು. ನಿವೃತ್ತಿಯನ್ನು ಹೀಗೆ ಕಾಣಲು ನಮ್ಮ ಸಮುದಾಯ ಇನ್ನೂ ಕಲಿತಿಲ್ಲ ಎಂಬುದೇ ಈ ಲೇಖನದ ದೂರು.

ಕಲಬುರಗಿಯ ಸ್ಟೇಶನ್ ಬಜಾರಿಗೆ ಬೆಳಗಿನ ಹೊತ್ತು ಬಂದು ನೋಡಿರಿ. ಚಹಾ ಹೋಟೆಲುಗಳ ಮುಂದೆ, ಅಂಗಡಿಗಳ ಕಟ್ಟೆಗಳ ಮೇಲೆ ನಿವೃತ್ತರ ಸಾಲು ಕುಳಿತಿರುತ್ತದೆ. ರೈಲ್ವೆಯಲ್ಲಿ ದುಡಿದವರು, ಸಾರಿಗೆ ಸಂಸ್ಥೆಯಲ್ಲಿ ಲೆಕ್ಕಪತ್ರ ಬರೆದವರು, ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವರು, ತಹಸೀಲು ಕಚೇರಿಯ ಕಡತಗಳನ್ನು ಬಲ್ಲವರು, ಆಸ್ಪತ್ರೆಯಲ್ಲಿ ಔಷಧ ವಿತರಿಸಿದವರು. ಒಂದು ಬೆಂಚಿನ ಮೇಲೆ ಕುಳಿತ ಐವರ ಅನುಭವವನ್ನು ಕೂಡಿಸಿದರೆ ನೂರೈವತ್ತು ವರ್ಷ ಮೀರುತ್ತದೆ. ಮಾತು ಮಾತ್ರ ದಿನವೂ ಅದೇ: ತುಟ್ಟಿಭತ್ಯೆ, ರಾಜಕೀಯ, ಮೊಬೈಲಿನಲ್ಲಿ ಬಂದ ಯಾವುದೋ ವೀಡಿಯೋ, ಮೊಣಕಾಲಿನ ನೋವು. ಅವರ ಮುಂದೆ ಚಹಾದ ಲೋಟ ತಂದಿಡುವ ಹುಡುಗ ಶಾಲೆ ಬಿಟ್ಟವನೆಂಬುದು ಅವನ ವಯಸ್ಸು ನೋಡಿದರೇ ತಿಳಿಯುತ್ತದೆ. 2025ರ ಮೇ ತಿಂಗಳಲ್ಲಿ ಪ್ರಕಟವಾದ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ನಮ್ಮ ಜಿಲ್ಲೆ ರಾಜ್ಯದಲ್ಲಿ ಕಟ್ಟಕಡೆಯ ಸ್ಥಾನದಲ್ಲಿತ್ತು. ಪರೀಕ್ಷೆಗೆ ಕುಳಿತ ಮಕ್ಕಳಲ್ಲಿ ಅರ್ಧದಷ್ಟು ಮಂದಿಯೂ ಉತ್ತೀರ್ಣರಾಗಲಿಲ್ಲ. ಒಂದೇ ಬೀದಿಯಲ್ಲಿ ಗಣಿತ ಬಲ್ಲ ಹಿರಿಯರೂ ಇದ್ದಾರೆ, ಗಣಿತದಲ್ಲಿ ಅನುತ್ತೀರ್ಣರಾದ ಮಕ್ಕಳೂ ಇದ್ದಾರೆ. ಇವರಿಬ್ಬರ ನಡುವೆ ಚಹಾದ ಲೋಟದ ಹೊರತು ಬೇರೆ ವ್ಯವಹಾರವಿಲ್ಲ. ಇದು ನಮ್ಮನ್ನು ಕಾಡಬೇಕಾದ ಸಂಗತಿ.

ಪ್ರತಿ ವರ್ಷ ನವೆಂಬರ್ ಬಂತೆಂದರೆ ಪಿಂಚಣಿದಾರರು ತಾವಿನ್ನೂ ಬದುಕಿದ್ದೇವೆಂಬ ಪ್ರಮಾಣಪತ್ರವನ್ನು ಬ್ಯಾಂಕಿಗೆ ಒಪ್ಪಿಸಬೇಕು. ಬೆರಳಚ್ಚು ಒತ್ತಿದರೆ ಮುಗಿಯಿತು, ಸರಕಾರಕ್ಕೆ ಅಷ್ಟೇ ಸಾಕು. ಆದರೆ ವಿಶ್ವಾಸಿಗೆ ಅಷ್ಟು ಸಾಕೇ? ಆಯುಷ್ಯವನ್ನು ಯಾವುದರಲ್ಲಿ ಕಳೆದೆ, ಪಡೆದ ಜ್ಞಾನದಿಂದ ಏನು ಮಾಡಿದೆ, ಸಂಪತ್ತನ್ನು ಎಲ್ಲಿಂದ ಗಳಿಸಿ ಎಲ್ಲಿ ವ್ಯಯಿಸಿದೆ ಎಂಬ ಪ್ರಶ್ನೆಗಳಿಗೆ ಉತ್ತರ ಕೊಡದೆ ಅಂತ್ಯದಿನದಂದು ಯಾರೂ ಹೆಜ್ಜೆ ಸರಿಸಲಾರರೆಂದು ಪ್ರವಾದಿ(ಸ) ತಿಳಿಸಿದ್ದಾರೆ. ಆ ಪ್ರಶ್ನೆಯಲ್ಲಿ ಅರವತ್ತರ ನಂತರದ ವರ್ಷಗಳಿಗೆ ವಿನಾಯಿತಿ ಇಲ್ಲ.

ಪವಿತ್ರ ಕುರ್‌ಆನಿನ 94ನೇ ಅಧ್ಯಾಯ ಅಶ್ಶರ್ಹ್ ಬಹಳ ಚಿಕ್ಕದು. ಅದರ ಕೊನೆಯಲ್ಲಿ ಅಲ್ಲಾಹನು ತನ್ನ ಪ್ರವಾದಿಗೆ ನೀಡಿದ ಆದೇಶದ ಸಾರವಿಷ್ಟು: ಒಂದು ಕಾರ್ಯದಿಂದ ಬಿಡುವಾದೊಡನೆ ಮತ್ತೊಂದು ಪರಿಶ್ರಮಕ್ಕೆ ನಿಲ್ಲಬೇಕು, ಒಲವು ಮಾತ್ರ ಪ್ರಭುವಿನ ಕಡೆಗಿರಬೇಕು. ಬಿಡುವು ಎಂಬ ಪದದ ಬೆನ್ನಿಗೇ ಪರಿಶ್ರಮ ಎಂಬ ಪದ ಬಂದಿರುವುದನ್ನು ಗಮನಿಸಿರಿ. ಹೆಚ್ಚಿನ ಜನರು ನಷ್ಟಕ್ಕೀಡಾಗುವ ಎರಡು ಅನುಗ್ರಹಗಳು ಆರೋಗ್ಯ ಮತ್ತು ಬಿಡುವು ಎಂದೂ ಪ್ರವಾದಿ(ಸ) ಎಚ್ಚರಿಸಿದ್ದಾರೆ. ನಿವೃತ್ತನಿಗೆ ಎರಡನೆಯದು ಹೇರಳವಾಗಿ ಸಿಕ್ಕಿದೆ, ಮೊದಲನೆಯದು ದಿನೇ ದಿನೇ ಕರಗುತ್ತಿದೆ. ಎರಡೂ ಒಟ್ಟಿಗಿರುವ ವರ್ಷಗಳು ಹತ್ತೋ ಹದಿನೈದೋ. ಅವುಗಳನ್ನು ವ್ಯರ್ಥಗೊಳಿಸಿದವನು ಬಹುದೊಡ್ಡ ಬಂಡವಾಳವನ್ನು ಕಳೆದುಕೊಂಡವನು.

ವಯಸ್ಸಾದ ಮೇಲೆ ಏನು ಸಾಧ್ಯ ಎಂದು ಕೇಳುವವರು ಕಲಬುರಗಿಯವರೇ ಆಗಿದ್ದರೆ ನಮಗೆ ಆಶ್ಚರ್ಯವಾಗುತ್ತದೆ. ಯಾಕೆಂದರೆ ಈ ಊರಿನ ಅತಿದೊಡ್ಡ ಶಿಕ್ಷಕರು ಈ ಊರಿಗೆ ಬಂದದ್ದೇ ಮುಪ್ಪಿನಲ್ಲಿ. ಹಝ್ರತ್ ಖ್ವಾಜಾ ಬಂದಾ ನವಾಝ್ ಗೇಸೂದರಾಝ್(ರಹ್) 1321ರಲ್ಲಿ ದೆಹಲಿಯಲ್ಲಿ ಜನಿಸಿದರು. 1398ರಲ್ಲಿ ತೈಮೂರನ ದಾಳಿಯ ಕಾಲಕ್ಕೆ ಅವರು ದೆಹಲಿ ತೊರೆದಾಗ ಅವರ ವಯಸ್ಸು ಎಪ್ಪತ್ತೇಳು. ಕಟ್ಟಿದ ಬದುಕು, ಶಿಷ್ಯವೃಂದ, ಗುರುಗಳ ಸಮಾಧಿಯಿರುವ ನಗರ ಎಲ್ಲವನ್ನೂ ಬಿಟ್ಟು ಗ್ವಾಲಿಯರ್, ಗುಜರಾತ್‌ಗಳ ಮಾರ್ಗವಾಗಿ ದಕ್ಷಿಣಕ್ಕೆ ಬಂದರು. ಫಿರೋಝ್ ಶಾಹ್ ಬಹಮನಿಯ ಆಳ್ವಿಕೆಯಲ್ಲಿ ಕಲಬುರಗಿಯಲ್ಲಿ ನೆಲೆ ನಿಂತರು. 1422ರಲ್ಲಿ, ನೂರು ವರ್ಷ ದಾಟಿದ ಬಳಿಕ, ಇಹಲೋಕ ತ್ಯಜಿಸಿದರು. ಅಂದರೆ ಇಂದು ನಾವು ಯಾವ ಹೆಸರಿನಿಂದ ಈ ಊರನ್ನು ಗುರುತಿಸುತ್ತೇವೆಯೋ, ಆ ಹೆಸರಿನ ಇಲ್ಲಿನ ಕಾರ್ಯವೆಲ್ಲ ಅವರ ಎಂಬತ್ತರ ಆಸುಪಾಸಿನಲ್ಲಿ ಆರಂಭವಾಯಿತು. ಅರಬಿ, ಪಾರ್ಸಿ ಭಾಷೆಗಳಲ್ಲಿ ಅನೇಕ ಗ್ರಂಥಗಳನ್ನು ರಚಿಸಿದ ವಿದ್ವಾಂಸರು ಅವರು. ಹೊಸ ನಾಡಿನಲ್ಲಿ, ಹೊಸ ಮಾತಿನ ಜನರ ನಡುವೆ, ಕೊನೆಯ ವರ್ಷಗಳನ್ನು ಬೋಧನೆಗೆ ಮೀಸಲಿಟ್ಟರು. ಉರೂಸಿನ ದಿನಗಳಲ್ಲಿ ಲಕ್ಷಾಂತರ ಜನರು ಇಲ್ಲಿಗೆ ಬರುತ್ತಾರೆ. ಬಂದವರು ಮತ್ತು ಇಲ್ಲಿಯವರೇ ಆದ ನಾವು ಈ ಒಂದು ಸಂಗತಿಯನ್ನು ಮನೆಗೆ ಕೊಂಡೊಯ್ದರೆ ಸಾಕು: ಎಪ್ಪತ್ತೇಳರಲ್ಲಿ ಊರು ಬಿಡಬೇಕಾಗಿ ಬಂದ ಒಬ್ಬ ಹಿರಿಯರು 'ನನ್ನ ಕಾಲ ಮುಗಿಯಿತು' ಎನ್ನಲಿಲ್ಲ.

ನಮ್ಮ ಕನ್ನಡ ಸಾಹಿತ್ಯದಲ್ಲೂ ಇಂಥ ನಿದರ್ಶನಗಳಿವೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮೈಸೂರು ಸಂಸ್ಥಾನದ ಉನ್ನತ ಅಧಿಕಾರದಿಂದ ಹೊರಬಂದ ಮೇಲೆ, 1956ರಲ್ಲಿ, ಅರವತ್ತೈದರ ಹೊತ್ತಿಗೆ 'ಚಿಕವೀರ ರಾಜೇಂದ್ರ' ಕಾದಂಬರಿಯನ್ನು ಪ್ರಕಟಿಸಿದರು. ಮುಂದೆ ಜ್ಞಾನಪೀಠ ಪ್ರಶಸ್ತಿ ಬಂದದ್ದು ಅದಕ್ಕೇ. ಭೂವಿಜ್ಞಾನದ ಅಧ್ಯಾಪಕರಾಗಿದ್ದ ಕವಿ ಕೆ.ಎಸ್. ನಿಸಾರ್ ಅಹಮದ್ ಶಿವಮೊಗ್ಗದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದು ಎಪ್ಪತ್ತರಲ್ಲಿ, ಮೈಸೂರು ದಸರಾ ಉದ್ಘಾಟಿಸಿದ್ದು ಎಂಬತ್ತೊಂದರಲ್ಲಿ. ನೌಕರಿ ಮುಗಿದರೂ ಅವರ ಕೆಲಸ ಮುಗಿಯಲಿಲ್ಲ.

ಇವರೆಲ್ಲ ದೊಡ್ಡವರು, ನಮ್ಮಂಥವರ ಮಾತು ಬೇರೆ ಎನ್ನಬಹುದು. ಸತ್ಯವೇನೆಂದರೆ ನಮ್ಮ ಸಮುದಾಯದ ಬಹುಪಾಲು ಜನರಿಗೆ ನಿವೃತ್ತಿ ಎಂಬ ದಿನಾಂಕವೇ ಇಲ್ಲ. ಹಮಾಲಿ, ಆಟೋ ಚಾಲಕ, ದರ್ಜಿ, ಮೆಕ್ಯಾನಿಕ್, ಹಣ್ಣಿನ ಬಂಡಿಯವರು; ಇವರಿಗೆ ಪಿಂಚಣಿಯೂ ಇಲ್ಲ, ಶಾಲಿನ ಸನ್ಮಾನವೂ ಇಲ್ಲ. ಮೈ ಎಂದು ಸೋಲುತ್ತದೆಯೋ ಅಂದು ನಿವೃತ್ತಿ. ನಮ್ಮ ಊರಿನ ಎಂ.ಎಸ್.ಕೆ. ಮಿಲ್ ಮುಚ್ಚಿದಾಗ ದುಡಿಯುವ ಕೈಗಳಿಗೆ ವಯಸ್ಸಿಗೆ ಮುನ್ನವೇ ಬಿಡುವು ಬಂದಿತ್ತು. ಇಂದು ಆ ಹೆಸರು ಬಡಾವಣೆಯ ಹೆಸರಾಗಿ ಮಾತ್ರ ಉಳಿದಿದೆ. ಮಂಗಳೂರಿನ ಬೀದಿಗಳಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರಿದ ಹರೇಕಳ ಹಾಜಬ್ಬರಿಗೂ ಪಿಂಚಣಿ ಇರಲಿಲ್ಲ. ಸ್ವತಃ ಅಕ್ಷರ ಕಲಿಯದ ಅವರು ತಮ್ಮ ಊರಿಗೆ ಶಾಲೆ ತಂದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾದಾಗ ದೇಶ ಅವರನ್ನು ಕಂಡಿತು. ಅದಕ್ಕೆ ಮುನ್ನ ಅವರನ್ನು ಕಂಡದ್ದು ಆ ಶಾಲೆಯ ಮಕ್ಕಳು. ಮುಪ್ಪಿನ ಸಾರ್ಥಕತೆ ಪಿಂಚಣಿಯ ಮೊತ್ತವನ್ನು ಅವಲಂಬಿಸಿಲ್ಲ ಎನ್ನಲು ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಡ.

ಇನ್ನು ನಮ್ಮ ತಾಯಂದಿರು. ಮನೆಯ ಯಜಮಾನ ನಿವೃತ್ತನಾದ ಮರುದಿನವೂ ಅವರು ಫಜ್ರ್‌ಗೆ ಮುನ್ನವೇ ಏಳುತ್ತಾರೆ. ಬದಲಾವಣೆ ಎಂದರೆ ಅವರಿಗೆ ದಿನವಿಡೀ ಚಹಾ ಕೇಳುವ ಒಬ್ಬರು ಮನೆಯಲ್ಲಿ ಹೆಚ್ಚಾಗುತ್ತಾರೆ. ಪ್ರವಾದಿ(ಸ) ಮನೆಯಲ್ಲಿದ್ದಾಗ ಮನೆಯವರ ಕೆಲಸಗಳಲ್ಲಿ ತೊಡಗಿರುತ್ತಿದ್ದರೆಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ನಿವೃತ್ತನ ಸಕ್ರಿಯ ಜೀವನವು ಅಡುಗೆಮನೆಯಿಂದ ಆರಂಭವಾದರೆ ಅದೂ ಸುನ್ನತ್ತೇ. ನಲವತ್ತು ವರ್ಷ ಬಿಡುವೇ ಕಾಣದ ಅಮ್ಮೀಜಾನ್‌ಗೆ ಕುರ್‌ಆನಿನ ಅನುವಾದ ಓದಲು, ತಜ್‌ವೀದ್ ಕಲಿಯಲು, ತವರಿನ ಬಂಧುಗಳನ್ನು ಕಂಡುಬರಲು ದಿನದಲ್ಲಿ ಎರಡು ಗಂಟೆ ದೊರೆಯಬೇಕು. ಅದನ್ನು ಒದಗಿಸುವುದು ನಿವೃತ್ತ ಪತಿಯ ಮೊದಲ ಸೇವೆ.

ನಲವತ್ತು ವರ್ಷ ದುಡಿದವರಿಗೆ ವಿಶ್ರಾಂತಿಯ ಹಕ್ಕಿಲ್ಲವೇ, ಕೊನೆಗಾಲದಲ್ಲಿ ತಸ್ಬೀಹ್ ಹಿಡಿದು ಮಸೀದಿಯಲ್ಲಿ ಕುಳಿತರೆ ತಪ್ಪೇನು ಎಂಬ ಪ್ರಶ್ನೆ ಬರುತ್ತದೆ. ಪ್ರಶ್ನೆ ನ್ಯಾಯವಾದುದೇ. ದೇಹಕ್ಕೂ ನಮ್ಮ ಮೇಲೆ ಹಕ್ಕಿದೆ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಹಝ್ರತ್ ಸಲ್ಮಾನ್ ಫಾರಿಸಿ(ರ) ತಮ್ಮ ಸಹೋದರ ಅಬೂ ದರ್ದಾ(ರ)ರಿಗೆ ಇದೇ ಮಾತನ್ನು ನೆನಪಿಸಿದಾಗ ಪ್ರವಾದಿ(ಸ) ಅದನ್ನು ಸಮರ್ಥಿಸಿದರು. ಆದರೆ ಅದೇ ಪ್ರವಾದಿ(ಸ) ತಮ್ಮ ಪ್ರಾರ್ಥನೆಗಳಲ್ಲಿ ಆಲಸ್ಯದಿಂದಲೂ ಅಸಹಾಯಕ ಮುಪ್ಪಿನಿಂದಲೂ ಅಲ್ಲಾಹನ ಅಭಯ ಯಾಚಿಸುತ್ತಿದ್ದರು. ವಿಶ್ರಾಂತಿ ಬೇರೆ, ಆಲಸ್ಯ ಬೇರೆ. ವಿಶ್ರಾಂತಿ ಪಡೆದವನು ಮತ್ತೆ ಎದ್ದು ನಿಲ್ಲುತ್ತಾನೆ. ಆಲಸಿ ಕುಳಿತಲ್ಲೇ ಮುದುಕನಾಗುತ್ತಾನೆ. ಆರಾಧನೆಯೂ ಕೇವಲ ತಸ್ಬೀಹ್‌ಗೆ ಸೀಮಿತವಲ್ಲ. ಜಮಾಅತ್ ನಮಾಝ್‌ನ ಮೊದಲ ಸಾಲು ಹಿರಿಯರಿಗೆ ಶೋಭೆ ತರುತ್ತದೆ. ಆ ಸಾಲಿನಿಂದ ಎದ್ದ ಮೇಲೆ ಅವರು ಯಾರ ಕಷ್ಟಕ್ಕೆ ನಡೆದುಹೋಗುತ್ತಾರೆ ಎಂಬುದೂ ಆರಾಧನೆಯ ಭಾಗವೇ.

ಏನು ಮಾಡಬಹುದು? ನಮ್ಮ ಊರಿನ ಅಗತ್ಯಗಳನ್ನೇ ನೋಡೋಣ. ಪ್ರತಿ ಮಸೀದಿಯಲ್ಲಿ ಅಸ್ರ್‌ನಿಂದ ಮಗ್ರಿಬ್‌ವರೆಗೆ ಒಂದು ಮೂಲೆ ಖಾಲಿ ಇರುತ್ತದೆ. ನಿವೃತ್ತ ಶಿಕ್ಷಕರೊಬ್ಬರು ಅಲ್ಲಿ ಹತ್ತು ಮಕ್ಕಳಿಗೆ ಗಣಿತವನ್ನೋ ಇಂಗ್ಲಿಷನ್ನೋ ಕನ್ನಡ ವ್ಯಾಕರಣವನ್ನೋ ಕಲಿಸಬಹುದು. ಮದ್ರಸಾದಲ್ಲಿ ಕಲಿಸುವ ನಾವು ದಿನವೂ ಕಾಣುವ ಕೊರತೆಯಿದು: ಉರ್ದು ಮಾಧ್ಯಮದ ಮಕ್ಕಳು ಕನ್ನಡದಲ್ಲಿ ಒಂದು ಅರ್ಜಿ ಬರೆಯಲು ತಡವರಿಸುತ್ತಾರೆ. ಕಚೇರಿಯಲ್ಲಿ ಮೂವತ್ತು ವರ್ಷ ಕನ್ನಡದಲ್ಲಿ ಟಿಪ್ಪಣಿ ಬರೆದವರಿಗೆ ಇದನ್ನು ಕಲಿಸುವುದು ಕಷ್ಟವೇ?

ಕಚೇರಿಯ ದಾರಿ ಬಲ್ಲವರು ದಾರಿ ಅರಿಯದವರಿಗೆ ಕೈಹಿಡಿಯಬಹುದು. ವಿಧವೆಯೊಬ್ಬರ ಪಿಂಚಣಿ, ಅರವತ್ತೈದು ದಾಟಿದ ಬಡವರ ಸಂಧ್ಯಾ ಸುರಕ್ಷಾ ಅರ್ಜಿ, ಮಕ್ಕಳ ವಿದ್ಯಾರ್ಥಿವೇತನ, ಹಿರಿಯರ ಆಯುಷ್ಮಾನ್ ಕಾರ್ಡ್; ಇವೆಲ್ಲ ಒಂದು ಕಾಗದದ ಕೊರತೆಯಿಂದ ನಿಂತುಹೋಗುತ್ತವೆ, ಇಲ್ಲವೆ ಮಧ್ಯವರ್ತಿಯ ಪಾಲಾಗುತ್ತವೆ. ಮತ್ತೊಂದು ಕೆಲಸವಂತೂ ಹಿರಿಯರಿಂದಲೇ ಆಗಬೇಕಾದುದು. 1948ರವರೆಗೆ ನಮ್ಮ ಪ್ರದೇಶ ನಿಝಾಮ್ ಸಂಸ್ಥಾನದಲ್ಲಿತ್ತು. ವಕ್ಫ್ ಆಸ್ತಿಗಳ ಮುಂತಖಬ್ ಮುಂತಾದ ಹಳೆಯ ದಾಖಲೆಗಳು ಉರ್ದುವಿನಲ್ಲಿವೆ, ಎಷ್ಟೋ ಕಡೆ ಶಿಕಸ್ತಾ ಬರಹದಲ್ಲಿವೆ. 2025ರಲ್ಲಿ ವಕ್ಫ್ ದಾಖಲೆಗಳನ್ನು 'ಉಮೀದ್' ಜಾಲತಾಣಕ್ಕೆ ಏರಿಸಬೇಕಾಗಿ ಬಂದಾಗ ಈ ದಾಖಲೆಗಳ ಮಹತ್ವ ಎಲ್ಲರಿಗೂ ಅರಿವಾಯಿತು. ಕಂಪ್ಯೂಟರ್ ಬಲ್ಲ ಯುವಕನಿಗೆ ಆ ಬರಹ ಓದಲು ಬಾರದು. ಓದಬಲ್ಲ ಹಿರಿಯರಿಗೆ ಕಂಪ್ಯೂಟರ್ ಬಾರದು. ಇಬ್ಬರೂ ಒಂದೇ ಮೇಜಿನ ಮುಂದೆ ಕುಳಿತರೆ ಒಂದು ಮಸೀದಿಯ, ಒಂದು ಖಬರಸ್ತಾನದ ಭೂಮಿ ಉಳಿದೀತು. ಓದಬಲ್ಲ ಕೊನೆಯ ತಲೆಮಾರು ಕಣ್ಮುಚ್ಚಿದ ಮೇಲೆ ಆ ಕಾಗದಗಳು ಮೂಕವಾಗುತ್ತವೆ.

ಇಲ್ಲಿ ಒಂದು ಕಹಿ ಮಾತನ್ನೂ ಹೇಳಬೇಕು. ಸಕ್ರಿಯರಾಗಿರುವುದೆಂದರೆ ಕುರ್ಚಿ ಹಿಡಿದಿರುವುದಲ್ಲ. ಕೆಲವರು ನಿವೃತ್ತರಾದೊಡನೆ ಕಚೇರಿಯಲ್ಲಿ ಕಳೆದುಕೊಂಡ ಅಧಿಕಾರವನ್ನು ಮಸೀದಿ ಕಮಿಟಿಯಲ್ಲಿ ಹುಡುಕುತ್ತಾರೆ. ಬಣಗಳಾಗುತ್ತವೆ, ತಕರಾರುಗಳು ಠಾಣೆಯ ಮೆಟ್ಟಿಲೇರುತ್ತವೆ, ಯುವಕರು ಬೇಸತ್ತು ದೂರ ಸರಿಯುತ್ತಾರೆ. ಹಿರಿಯರ ಅನುಭವ ಸಮುದಾಯಕ್ಕೆ ಬೇಕು. ಅದು ಸಲಹೆಯಾಗಿ ಬೇಕು, ಅಡ್ಡಗೋಡೆಯಾಗಿ ಬೇಡ. ಲೆಕ್ಕ ಬರೆಯುವುದನ್ನು ಇಪ್ಪತ್ತೈದರ ಯುವಕನಿಗೆ ಕಲಿಸಿ, ಕೀಲಿಕೈ ಅವನ ಕೈಗಿತ್ತು, ಪಕ್ಕದಲ್ಲಿ ನಿಂತು ನೋಡುವ ಹಿರಿಯರು ನಮಗೆ ಹೆಚ್ಚಬೇಕು.

ನಿವೃತ್ತಿಯ ದಿನ ಕೈಗೆ ಬರುವ ಇಡುಗಂಟೂ ಒಂದು ಪರೀಕ್ಷೆ. ಮಗನ ವ್ಯಾಪಾರ, ಮಗಳ ಮದುವೆಯ ಆಡಂಬರ, ಬಂಧುಗಳ ಸಾಲ. ಆರು ತಿಂಗಳಲ್ಲಿ ಕೈ ಬರಿದಾಗುತ್ತದೆ. ಹಲಾಲ್ ಲಾಭದ ಆಮಿಷವೂ ಕಾದಿರುತ್ತದೆ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಸಂಸ್ಥೆ ಕುಸಿದಾಗ ಸಾವಿರಾರು ಮುಸ್ಲಿಮ್ ಕುಟುಂಬಗಳ ಉಳಿತಾಯ ಮುಳುಗಿತು. ಗಡ್ಡ, ಟೋಪಿ, ಹಲಾಲ್ ಎಂಬ ಪದ ಇವು ಯಾವುದೂ ಲೆಕ್ಕಪತ್ರಕ್ಕೆ ಬದಲಿಯಲ್ಲ ಎಂಬ ಪಾಠವನ್ನು ನಾವು ಮರೆಯಬಾರದು. ಮೊದಲು ಸಾಲ ತೀರಿಸಬೇಕು. ಹಜ್ ಕಡ್ಡಾಯವಾಗಿದ್ದರೆ ಇನ್ನೂ ಮುಂದೂಡಬಾರದು. ಸಫಾ ಮರ್ವಾಗಳ ನಡುವಿನ ಏಳು ನಡಿಗೆಗಳೇ ಸುಮಾರು ಮೂರು ಕಿಲೋಮೀಟರ್ ಆಗುತ್ತವೆ, ಕಾಲು ಗಟ್ಟಿಯಿರುವಾಗಲೇ ಹೊರಡುವುದು ಲೇಸು. ವಸಿಯ್ಯತ್ ಬರೆದಿಡಬೇಕು. ಹೆಣ್ಣುಮಕ್ಕಳಿಗೆ ಅಲ್ಲಾಹನು ನಿಗದಿಪಡಿಸಿದ ಪಾಲನ್ನು 'ಮದುವೆಯಲ್ಲಿ ಕೊಟ್ಟಾಯಿತು' ಎಂದು ನುಂಗಿಹಾಕಬಾರದೆಂದು ಗಂಡುಮಕ್ಕಳನ್ನು ಎದುರು ಕೂರಿಸಿ ಹೇಳಬೇಕು. ಇದನ್ನು ತಂದೆ ಬದುಕಿದ್ದಾಗ ಹೇಳದಿದ್ದರೆ ಬಳಿಕ ಹೇಳುವವರು ವಕೀಲರು.

ಆರೋಗ್ಯವೂ ಅಮಾನತು. ನಮ್ಮ ಬಿಸಿಲಿಗೆ ಅಂಜಿ ಬೇಸಿಗೆಯಲ್ಲಿ ಕಚೇರಿಗಳೇ ಬೆಳಗಿನ ಸಮಯಕ್ಕೆ ಬದಲಾಗುತ್ತವೆ. ಹಿರಿಯರಿಗೆ ಅಲ್ಲಾಹನು ಫಜ್ರ್ ಎಂಬ ಸಮಯಪಟ್ಟಿಯನ್ನು ಮೊದಲೇ ಕೊಟ್ಟಿದ್ದಾನೆ. ನಮಾಝ್ ಮುಗಿಸಿ ಸಾರ್ವಜನಿಕ ಉದ್ಯಾನದ ಕಡೆಗೋ ಅಪ್ಪನ ಕೆರೆಯ ಕಡೆಗೋ ಅರ್ಧ ಗಂಟೆ ನಡೆದರೆ ಸಕ್ಕರೆ ಕಾಯಿಲೆಗೂ ಮದ್ದು, ದಿಕ್ರ್‌ಗೂ ವೇಳೆ, ಬೇರೆ ಧರ್ಮದ ನೆರೆಯವರೊಡನೆ ಕುಶಲ ಮಾತಿಗೂ ಅವಕಾಶ.

ಮಕ್ಕಳಿಗೂ ಒಂದು ಮಾತು. ನಿವೃತ್ತ ಅಬ್ಬಾಜಾನ್ ಮನೆ ಕಾಯುವ, ಹಾಲು ತರುವ, ವಿದ್ಯುತ್ ಬಿಲ್ ಕಟ್ಟುವ ಸಂಬಳವಿಲ್ಲದ ಆಳಲ್ಲ. ಕುರ್‌ಆನಿನ 17ನೇ ಅಧ್ಯಾಯ ಮುಪ್ಪಿನ ತಂದೆತಾಯಿಗಳ ಮುಂದೆ ಬೇಸರದ ಒಂದು ಉದ್ಗಾರವನ್ನೂ ನಿಷೇಧಿಸಿದೆ. 2007ರಲ್ಲಿ ದೇಶದ ಸಂಸತ್ತು ಪೋಷಕರ ಪಾಲನೆಗಾಗಿ ಕಾಯಿದೆ ಮಾಡಬೇಕಾಯಿತು. ಕುರ್‌ಆನ್ ಕೈಯಲ್ಲಿರುವವರ ಮನೆಯಿಂದ ಆ ಕಾಯಿದೆಯಡಿ ದೂರು ಹೋಗುವುದು ನಾಚಿಕೆಗೇಡು. ಅವರ ಮಾತು ಕೇಳಿರಿ, ಸಲಹೆ ಪಡೆಯಿರಿ, ಅವರು ಹೊರಗೆ ಸೇವೆಗೆ ಹೊರಟರೆ 'ಈ ವಯಸ್ಸಿನಲ್ಲಿ ಯಾಕೆ' ಎಂದು ತಡೆಯದಿರಿ. ಈ ಮಾತು ಪ್ರೀತಿಯಿಂದಲೇ ಹೊರಡುತ್ತದೆ. ಆದರೆ ಎಷ್ಟೋ ಹಿರಿಯರನ್ನು ಕಾಯಿಲೆಗಿಂತ ಮುಂಚೆ ಮಂಚಕ್ಕೆ ಕಟ್ಟಿಹಾಕುವುದು ಅದೇ.

ನಮ್ಮ ನೆರೆಯ ಕಮಲಾಪುರದ ಕೆಂಪು ಬಾಳೆ ಭೌಗೋಳಿಕ ಗುರುತು ಪಡೆದ ಬೆಳೆ. ಸಾಮಾನ್ಯ ಬಾಳೆಗಿಂತ ಅದು ಹೆಚ್ಚು ಕಾಲ ತೆಗೆದುಕೊಳ್ಳುತ್ತದೆ, ಬೆಲೆಯೂ ಹೆಚ್ಚು. ಅದನ್ನು ನೆಡುವ ರೈತ ತಡವಾಯಿತೆಂದು ಗಿಡವನ್ನು ಕೀಳುವುದಿಲ್ಲ. ಅಂತ್ಯದಿನ ಬಂದೆರಗಿದಾಗಲೂ ಕೈಯಲ್ಲೊಂದು ಸಸಿಯಿದ್ದರೆ, ಸಾಧ್ಯವಾದರೆ ನೆಟ್ಟುಬಿಡಿ ಎಂದು ಪ್ರವಾದಿ(ಸ) ಬೋಧಿಸಿದ್ದಾರೆ. ಫಲ ತಿನ್ನುವವರು ಯಾರೆಂದು ಅಲ್ಲಿ ಪ್ರಶ್ನೆಯಿಲ್ಲ. ಮರಣದ ಬಳಿಕವೂ ಪುಣ್ಯ ತಲುಪಿಸುವ ಮೂರು ಸಂಗತಿಗಳೆಂದು ಅವರು ಎಣಿಸಿದ್ದು ನಿರಂತರ ದಾನ, ಪ್ರಯೋಜನಕಾರಿ ಜ್ಞಾನ ಮತ್ತು ಪ್ರಾರ್ಥಿಸುವ ಸಜ್ಜನ ಸಂತಾನ. ಈ ಮೂರನ್ನೂ ಬಿತ್ತಲು ನಿವೃತ್ತನಷ್ಟು ಬಿಡುವಿರುವವರು ಬೇರೆ ಯಾರಿದ್ದಾರೆ? ಸ್ಟೇಶನ್ ಬಜಾರಿನ ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟೇ: ಚಹಾ ಕುಡಿಯಿರಿ, ಗೆಳೆಯರೊಡನೆ ನಗಿರಿ, ಏಳುವಾಗ ಲೋಟ ತಂದ ಆ ಹುಡುಗನ ಹೆಸರು ಕೇಳಿರಿ, ಯಾವ ತರಗತಿಗೆ ಶಾಲೆ ಬಿಟ್ಟನೆಂದು ಕೇಳಿರಿ. ಮುಂದಿನ ಕೆಲಸ ನಿಮಗೇ ಹೊಳೆಯುತ್ತದೆ.

ದೀರ್ಘ ಆಯುಷ್ಯವನ್ನೂ ಅದರೊಡನೆ ಸತ್ಕರ್ಮಗಳನ್ನೂ ಅಲ್ಲಾಹನು ನಮ್ಮ ಹಿರಿಯರಿಗೆ ದಯಪಾಲಿಸಲಿ. ಅವರ ಅನುಭವದಿಂದ ಕಲಿಯುವ ವಿನಯವನ್ನು ನಮ್ಮ ಮಕ್ಕಳಿಗೆ ನೀಡಲಿ. ನಮ್ಮೆಲ್ಲರ ಕೊನೆಯ ದಿನಗಳನ್ನು ನಮ್ಮ ಅತ್ಯುತ್ತಮ ದಿನಗಳನ್ನಾಗಿಸಲಿ. ಆಮೀನ್.